ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು



ನಮ್ಮ ಹಿರಿಯರು ಬಿಟ್ಟುಹೋದ ಗಾದೆಗಳಲ್ಲಿ ವಿಜ್ಞಾನದ ತರಗತಿಯ ಬಾಗಿಲ ಮೇಲೆ ಬರೆಸಿ ಇಡಬೇಕಾದದ್ದು ಯಾವುದೆಂದು ಯಾರಾದರೂ ಕೇಳಿದರೆ, ನಾನು ಹೇಳುವುದು ಮೇಲಿನ ತಲೆಬರಹದಲ್ಲಿರುವ ಗಾದೆಯನ್ನೇ. ಕಣ್ಣಾರೆ ಕಂಡದ್ದನ್ನೂ ಒರೆಗೆ ಹಚ್ಚಿ ನೋಡಬೇಕೆಂದು ಹೇಳುವ ಧೈರ್ಯ ಅದಕ್ಕಿದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ಅಷ್ಟೂ ವರ್ಷ ನಾನು ಮಕ್ಕಳಿಗೆ ಹೇಳಿಕೊಟ್ಟ ಪಾಠದ ಸಾರವೂ ಅಷ್ಟೇ. ಇಂದು ಆ ಗಾದೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಜಗಳವಾಡಬೇಕಾಗಿದೆ. ಜಗಳ ವ್ಯಕ್ತಿಯೊಂದಿಗಲ್ಲ, ಒಂದು ಅಭಿಪ್ರಾಯದೊಂದಿಗೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ದೂರದ ನಗರವೊಂದರಲ್ಲಿ ಫಿಜಿಯೋಥೆರಪಿಯ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾನೆ. ಪದವಿಗಾಗಿ ಒಂದು ಪ್ರಬಂಧ ಬರೆಯಬೇಕು. ಲಕ್ವ ಹೊಡೆದವರಿಗೆ ಕೈಕಾಲು ಆಡಿಸುವ ಹೊಸದೊಂದು ಕ್ರಮವನ್ನು ನಮ್ಮ ಅಬ್ಬೆತುಮಕೂರಿನ ಸುತ್ತಲ ಹಳ್ಳಿಗಳಲ್ಲಿ ಮೂವತ್ತು ಜನರ ಮೇಲೆ ಮಾಡಿ ನೋಡಬೇಕೆಂಬುದು ಅವನ ಯೋಜನೆ. ಕಾಲೇಜಿನ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆಯ ನೈತಿಕ ಪರಿಶೀಲನಾ ಸಮಿತಿ, ಅವನ ಅರ್ಜಿಯನ್ನು ಎರಡು ಸಲ ಪ್ರಶ್ನೆ ಹಾಕಿ ಹಿಂದಿರುಗಿಸಿತಂತೆ. ಫೋನಿನಲ್ಲಿ ಬೇಸರದಿಂದ ಕೇಳಿದ: “ಸರ್, ಕೈಕಾಲು ಆಡಸಾಕೂ ಪರ್ಮಿಷನ್ ಬೇಕೇನ್ರಿ? ಇದೇನು ಔಷಧಿ ಅಲ್ಲ, ಇಂಜೆಕ್ಷನ್ ಅಲ್ಲ. ಆದ್ರ ಒಳ್ಳೇದು ಆಗತದ, ಇಲ್ಲಂದ್ರ ಏನೂ ಆಗಂಗಿಲ್ಲ.”

ಹುಡುಗ ಒಳ್ಳೆಯವನು, ಊರಿನ ಮೇಲೆ ಅಭಿಮಾನವುಳ್ಳವನು. ಆದರೆ ಅವನ ಬಾಯಲ್ಲಿ ಬಂದ ಮಾತು ಅವನೊಬ್ಬನದಲ್ಲ. ಪುನರ್ವಸತಿ ಚಿಕಿತ್ಸೆಯ ಕ್ಷೇತ್ರದಲ್ಲಿ ದುಡಿಯುವ ಅನೇಕರು, ಅವರಿಗಿಂತ ಹೆಚ್ಚಾಗಿ ಶಿಬಿರ ನಡೆಸುವ ಉತ್ಸಾಹಿಗಳು, ಇದೇ ಮಾತನ್ನು ಬೇರೆ ಬೇರೆ ರಾಗದಲ್ಲಿ ಹಾಡುತ್ತಾರೆ. ವ್ಯಾಯಾಮದಿಂದ ಕೇಡಿಲ್ಲ, ಆದ್ದರಿಂದ ಪರಿಶೀಲನೆ ಬೇಡ ಎಂಬುದು ಒಂದು. ನಮಗೆ ಇಪ್ಪತ್ತು ವರ್ಷದ ಅನುಭವವಿದೆ, ಆದ್ದರಿಂದ ಪುರಾವೆ ಬೇಡ ಎಂಬುದು ಇನ್ನೊಂದು. ಎರಡೂ ತಪ್ಪು ಎಂಬುದು ನನ್ನ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಪುರಾವೆಯಿಲ್ಲದೆ ಮಾಡುವ ಚಿಕಿತ್ಸೆ ಎಂದರೆ ಅನುಮತಿ ಕೇಳದೆ ಮಾಡುವ ಪ್ರಯೋಗವೇ. ಪ್ರಬಂಧ ಬರೆಯುವವನಿಗೆ ಕನಿಷ್ಠ ಒಂದು ಅರ್ಜಿಯನ್ನಾದರೂ ತುಂಬಬೇಕಾಗುತ್ತದೆ. ಬೋರ್ಡು ಹಾಕಿಕೊಂಡು ಕುಳಿತವನಿಗೆ ಅದೂ ಇಲ್ಲ.

ಮೊದಲು ಅನುಭವದ ಮಾತನ್ನೇ ತೆಗೆದುಕೊಳ್ಳೋಣ. ಮೆದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ಒಂದು ಪಕ್ಕದ ಕೈಕಾಲು ಬಿದ್ದುಹೋಗುವುದನ್ನು ನಾವು ಲಕ್ವ ಎನ್ನುತ್ತೇವೆ. ಹೀಗಾದವರಲ್ಲಿ ಬದುಕುಳಿದ ಬಹಳಷ್ಟು ಮಂದಿಗೆ ಮೊದಲ ವಾರಗಳಲ್ಲಿ, ಮುಖ್ಯವಾಗಿ ಮೊದಲ ಮೂರು ತಿಂಗಳಲ್ಲಿ, ಒಂದಿಷ್ಟು ಶಕ್ತಿ ತಾನಾಗಿಯೇ ಮರಳುತ್ತದೆ. ಮೆದುಳಿನ ಬಾವು ಇಳಿಯುತ್ತದೆ; ಉಳಿದ ಭಾಗಗಳು ಸತ್ತ ಭಾಗದ ಕೆಲಸವನ್ನು ಸ್ವಲ್ಪ ಸ್ವಲ್ಪ ವಹಿಸಿಕೊಳ್ಳುತ್ತವೆ. ಈಗ ಯೋಚಿಸಿರಿ. ಆ ಮೂರು ತಿಂಗಳಲ್ಲಿ ಒಬ್ಬ ಎಣ್ಣೆ ತಿಕ್ಕಿದ, ಒಬ್ಬ ಪಾರಿವಾಳದ ರಕ್ತ ಸವರಿದ, ಒಬ್ಬ ಕರೆಂಟಿನ ಮಶೀನು ಹಚ್ಚಿದ, ಒಬ್ಬ ಏನೂ ಮಾಡದೆ ಪಡಸಾಲೆಯಲ್ಲಿ ಮಲಗಿದ. ನಾಲ್ವರಿಗೂ ಒಂದಿಷ್ಟು ಗುಣವಾಗುತ್ತದೆ. ಮೊದಲ ಮೂವರು ತಮ್ಮ ತಮ್ಮ ಮದ್ದಿಗೆ ಕೈಮುಗಿಯುತ್ತಾರೆ. ಗುಣ ಕಂಡದ್ದು ಸುಳ್ಳಲ್ಲ, ಪ್ರತ್ಯಕ್ಷವೇ ಸರಿ. ಆದರೆ ಅದು ಯಾವುದರಿಂದ ಬಂತು ಎಂಬುದಕ್ಕೆ ಪ್ರಮಾಣವಿಲ್ಲ. ಇಪ್ಪತ್ತು ವರ್ಷದ ಅನುಭವವೂ ಈ ಗೊಂದಲವನ್ನು ಬಿಡಿಸಲಾರದು. ಒಂದೇ ತಪ್ಪು ಲೆಕ್ಕವನ್ನು ಇಪ್ಪತ್ತು ಸಲ ಮಾಡಿದರೆ ಉತ್ತರ ಸರಿಯಾಗುವುದಿಲ್ಲವಷ್ಟೆ!

ಹಾಗಾದರೆ ಗೊಂದಲ ಬಿಡಿಸುವುದು ಹೇಗೆ? ಈ ಉಪಾಯ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ, ಹೊಲದಲ್ಲಿ ಹುಟ್ಟಿದ್ದು. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞ, ಹೊಲವನ್ನು ತುಂಡುಗಳಾಗಿ ಮಾಡಿ ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದರು. ನಮ್ಮ ಶಹಾಪುರ, ಸುರಪುರದ ರೈತನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಹೊಸ ತೊಗರಿ ಬೀಜವನ್ನು ಕಾಲುವೆ ಪಕ್ಕದ ಎರೆ ಹೊಲಕ್ಕೂ ಹಳೆಯ ಬೀಜವನ್ನು ಕಲ್ಲುಭೂಮಿಗೂ ಹಾಕಿ, ‘ನೋಡಿ, ಹೊಸ ಬೀಜ ಎಷ್ಟು ಚೆನ್ನಾಗಿದೆ’ ಎಂದು ಕಂಪನಿಯವನು ಹೇಳಿದರೆ ರೈತ ನಗುತ್ತಾನೆ. “ಒಂದೇ ಹೊಲದಾಗ ಎರಡೂ ಹಾಕಿ ತೋರಸಪಾ” ಎನ್ನುತ್ತಾನೆ. ವೈದ್ಯಕ್ಕೆ ಈ ವಿವೇಕ ಬಂದದ್ದು ತಡವಾಗಿ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಹೀಗೆ ಚೀಟಿ ಎತ್ತಿದಂತೆ ಹಂಚಿ ಪರೀಕ್ಷಿಸಿದ ಬ್ರಿಟಿಷ್ ವರದಿ ಪ್ರಕಟವಾದದ್ದು 1948ರಲ್ಲಿ. ಹೊಲಕ್ಕೆ ಬೇಡುವ ಪುರಾವೆಯನ್ನು ನಮ್ಮ ರೈತ ತನ್ನ ಹೆಂಡತಿಯ ಬಿದ್ದ ಕೈಗೆ ಬೇಡದಿರುವುದೇಕೆ? ಬೇಡಬಹುದೆಂದು ಅವನಿಗೆ ಯಾರೂ ಹೇಳಿಲ್ಲ, ಅದಕ್ಕೆ.

ಇನ್ನು ‘ವ್ಯಾಯಾಮದಿಂದ ಕೇಡಿಲ್ಲ’ ಎಂಬ ಮಾತು. ಲಕ್ವ ಹೊಡೆದವರನ್ನು ಆದಷ್ಟು ಬೇಗ ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಬೇಕು, ನಡೆಸಬೇಕು, ಬೇಗ ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ತಜ್ಞರಲ್ಲಿ ಬಲವಾಗಿತ್ತು. ಕೇಳಿದರೆ ಯಾರಿಗಾದರೂ ಸರಿಯೆನಿಸುವ ಮಾತು. ಇದನ್ನು ಪರೀಕ್ಷಿಸಲು ಐದು ದೇಶಗಳ 56 ಆಸ್ಪತ್ರೆ ಘಟಕಗಳಲ್ಲಿ 2,104 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಅವರ್ಟ್ ಎಂಬ ಹೆಸರಿನ ಆ ಪರೀಕ್ಷೆಯ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೊದಲ 24 ತಾಸಿನೊಳಗೆ ಎಬ್ಬಿಸಿ ಮೇಲಿಂದ ಮೇಲೆ ನಡೆದಾಡಿಸಿದವರಲ್ಲಿ ಮೂರು ತಿಂಗಳ ನಂತರ ಒಳ್ಳೆಯ ಸ್ಥಿತಿಯಲ್ಲಿದ್ದವರು ಶೇ. 46, ವಾಡಿಕೆಯ ಆರೈಕೆ ಪಡೆದವರಲ್ಲಿ ಶೇ. 50. ಅಂದರೆ ಅತ್ಯುತ್ಸಾಹದ ವ್ಯಾಯಾಮವೇ ಕೆಲವರ ಚೇತರಿಕೆಗೆ ಅಡ್ಡಿಯಾಯಿತು! ಔಷಧಿಯಲ್ಲ, ಇಂಜೆಕ್ಷನ್ನಲ್ಲ, ಬರೀ ಎಬ್ಬಿಸಿ ನಡೆಸಿದ್ದು. ‘ಇಲ್ಲಂದ್ರ ಏನೂ ಆಗಂಗಿಲ್ಲ’ ಎಂದವನಿಗೆ ಇದು ಉತ್ತರ.

ಎರಡನೆಯ ಉದಾಹರಣೆ ನಮ್ಮ ದೇಶದ್ದೇ. ಹಳ್ಳಿಗೆ ಥೆರಪಿಸ್ಟ್ ಸಿಗುವುದಿಲ್ಲ, ಆದ್ದರಿಂದ ಮನೆಯವರಿಗೇ ಕಲಿಸಿ ಮನೆಯಲ್ಲೇ ವ್ಯಾಯಾಮ ಮಾಡಿಸೋಣ ಎಂಬ ಯೋಚನೆ ಎಷ್ಟು ಸೊಗಸಾಗಿದೆ! ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಅಟೆಂಡ್ ಎಂಬ ಈ ಅಧ್ಯಯನದ ವರದಿ ಬಂದದ್ದು 2017ರಲ್ಲಿ. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು, ಮನೆಯವರು ಕಲಿತು ಮಾಡಿಸಿದ ಗುಂಪಿನಲ್ಲಿ ಶೇ. 47, ಹಾಗೆ ಕಲಿಸದ ಗುಂಪಿನಲ್ಲಿಯೂ ಶೇ. 47. ವ್ಯತ್ಯಾಸವೇ ಇಲ್ಲ. ಇದನ್ನು ಓದಿ ಫಿಜಿಯೋಥೆರಪಿಯೇ ವ್ಯರ್ಥವೆಂದು ತಿಳಿಯಬೇಡಿರಿ; ಆ ಅಧ್ಯಯನ ಹಾಗೆ ಹೇಳುವುದಿಲ್ಲ. ಆ ಒಂದು ಕ್ರಮ, ಆ ಪ್ರಮಾಣದಲ್ಲಿ, ನಿರೀಕ್ಷಿಸಿದ ಫಲ ಕೊಡಲಿಲ್ಲ ಎಂದಷ್ಟೇ ಹೇಳುತ್ತದೆ. ಅದನ್ನು ಮುಚ್ಚಿಡದೆ ಪ್ರಕಟಿಸಿದ ವೈದ್ಯರಿಗೆ ನಾನು ತಲೆಬಾಗುತ್ತೇನೆ. ಆ ಪರೀಕ್ಷೆ ನಡೆಯದೇ ಹೋಗಿದ್ದರೆ ಏನಾಗುತ್ತಿತ್ತು? ಅದೇ ಕ್ರಮ ಸರ್ಕಾರಿ ಯೋಜನೆಯಾಗಿ ಇಳಿದುಬಂದು, ಕೂಲಿಗೆ ಹೋಗಬೇಕಾದ ಸೊಸೆ ಕೂಲಿ ಬಿಟ್ಟು ದಿನವೂ ಮಾವನ ಕೈಕಾಲು ತಿರುವುತ್ತ ಕೂಡಬೇಕಾಗುತ್ತಿತ್ತು. ಗುಣವಾಗದಿದ್ದರೆ “ಸೊಸಿ ಸರಿಯಾಗಿ ಮಾಡಸಲಿಲ್ಲ” ಎಂಬ ಅಪವಾದ ಬೇರೆ. ಕೆಲಸಕ್ಕೆ ಬಾರದ ಚಿಕಿತ್ಸೆಯ ಬೆಲೆಯನ್ನು ಯಾವಾಗಲೂ ಬಡವರ ಮನೆಯ ಹೆಣ್ಣುಮಕ್ಕಳೇ ತೆರುತ್ತಾರೆ.

‘ಸರಿ ಸರ್, ಅದು ದೊಡ್ಡವರ ಮಾತಾಯಿತು, ನಮ್ಮ ಹಳ್ಳಿಯಲ್ಲಿ ಏನೂ ಸಿಗದವರಿಗೆ ಏನೋ ಒಂದು ಸಿಕ್ಕರೆ ತಪ್ಪೇನು’ ಎಂದು ಕೇಳುವವರಿದ್ದಾರೆ. ಆ ‘ಏನೋ ಒಂದು’ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ನೆರೆಯ ಕಲಬುರಗಿಯಲ್ಲೇ ಕಂಡಿದ್ದೇವೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ವೈಕಲ್ಯ ನೀಗುತ್ತದೆಂಬ ನಂಬಿಕೆ. ನಗರದ ಜನ ಆ ತಂದೆತಾಯಿಗಳನ್ನು ಬೈದು ಸುಮ್ಮನಾದರು. ನಾನು ಬೈಯಲಾರೆ. ಹೆತ್ತವರಿಗೆ ಮಗುವಿನ ಮೇಲೆ ದ್ವೇಷವಿರಲಿಲ್ಲ, ಆಸೆಯಿತ್ತು. ಆ ಮಗುವಿಗೆ ಏನು ಮಾಡಿದರೆ ನಿಜವಾಗಿ ಅನುಕೂಲವಾಗುತ್ತದೆ, ಏನು ಮಾಡಿದರೂ ಆಗುವುದಿಲ್ಲ ಎಂಬುದನ್ನು ಅವರ ಭಾಷೆಯಲ್ಲಿ ಕುಳಿತು ಹೇಳುವವರು ಮಾತ್ರ ಇರಲಿಲ್ಲ. ಪುರಾವೆ ತಲುಪದ ಜಾಗದಲ್ಲಿ ಗುಂಡಿ ತೋಡಲಾಗುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠಕ್ಕೆ ಜಾತ್ರೆಯ ಹೊತ್ತಿನಲ್ಲಿ ಕಾಲಿಲ್ಲದವರೂ ಕಣ್ಣಿಲ್ಲದವರೂ ಬರುತ್ತಾರೆ, ಕೈಮುಗಿದು ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಾರೆ. ಅವರೊಡನೆ ನನ್ನ ಜಗಳವಿಲ್ಲ. ಭಕ್ತಿ ತನ್ನನ್ನು ವಿಜ್ಞಾನವೆಂದು ಕರೆದುಕೊಳ್ಳುವುದಿಲ್ಲ, ರಸೀದಿ ಕೊಟ್ಟು ಗ್ಯಾರಂಟಿ ಹೇಳುವುದಿಲ್ಲ. ನನ್ನ ಜಗಳ ಬಿಳಿ ಕೋಟು ತೊಟ್ಟು ವಿಜ್ಞಾನದ ಹೆಸರಿನಲ್ಲಿ ನಂಬಿಕೆಯನ್ನು ಮಾರುವವರೊಂದಿಗೆ. ಆಕರಕೋಶ ಚಿಕಿತ್ಸೆಯನ್ನು, ಅಂದರೆ ಸ್ಟೆಮ್ ಸೆಲ್ ಥೆರಪಿಯನ್ನು ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥವನ್ನು ಬಿಟ್ಟರೆ, ಉಳಿದ ರೋಗಗಳಿಗೆ ಇದು ರೂಢಿಯ ಚಿಕಿತ್ಸೆಯಲ್ಲ, ಅನುಮತಿ ಪಡೆದ ಪರೀಕ್ಷೆಯ ಹೊರಗೆ ಇದನ್ನು ಕೊಡುವುದು ಅನೈತಿಕ. ಆಟಿಸಂಗೆ ಇದನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಸಮಿತಿ 2022ರಲ್ಲಿ ಹೇಳಿತು. ಹೀಗಿದ್ದೂ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಂದೆ ಹೊಲ ಮಾರಿ ದೊಡ್ಡ ಊರಿಗೆ ಓಡುವುದು ಯಾವ ಜಾಹೀರಾತನ್ನು ನಂಬಿ? ಮಣ್ಣಿನಲ್ಲಿ ಹೂಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬಿಲ್ಲಿನ ಮೊತ್ತದಲ್ಲಿ ಮಾತ್ರ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವ ಬುದ್ಧಿಗೆ ಓದಿದವರು ಓದದವರು ಎಂಬ ಭೇದವಿಲ್ಲ.

‘ಆ ವಿದೇಶದ ಪುರಾವೆ ನಮ್ಮ ಹಳ್ಳಿಗೆ ಹೊಂದುವುದಿಲ್ಲ’ ಎಂಬ ಆಕ್ಷೇಪವೂ ಇದೆ. ಇದರಲ್ಲಿ ಅರ್ಧ ನಿಜವಿದೆ, ಒಪ್ಪುತ್ತೇನೆ. ರೋಗಿಯ ಸ್ವಾವಲಂಬನೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಬಾರ್ತೆಲ್ ಮಾಪನ ಎಂಬುದೊಂದಿದೆ, 1965ರದು. ಹತ್ತು ಪ್ರಶ್ನೆಗಳು. ಹಾಸಿಗೆಯಿಂದ ಕುರ್ಚಿಗೆ ಹೋಗಬಲ್ಲನೇ, ಮೆಟ್ಟಿಲು ಹತ್ತಬಲ್ಲನೇ ಎಂದು ಅದು ಕೇಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬಲ್ಲನೇ, ಕುಕ್ಕರುಗಾಲಲ್ಲಿ ಕುಳಿತು ಏಳಬಲ್ಲನೇ, ಹೊಲದ ಬದುವಿನ ಮೇಲೆ ನಡೆಯಬಲ್ಲನೇ ಎಂದು ಕೇಳುವುದಿಲ್ಲ. ಕುರ್ಚಿಯೇ ಇಲ್ಲದ ಮನೆಯಲ್ಲಿ ಕುರ್ಚಿಯ ಪ್ರಶ್ನೆಗೆ ಎಷ್ಟು ಅಂಕ ಕೊಡುವುದು? ಜ್ವಾರಿ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ಎರಡು ಕೈಯೂ ಬೇಕು. ಅದನ್ನು ಅಳೆಯುವ ಕೋಷ್ಟಕ ಎಲ್ಲಿದೆ? ಆದರೆ ಈ ಆಕ್ಷೇಪದಿಂದ ಹೊರಡುವ ತೀರ್ಮಾನ ‘ಪುರಾವೆ ಬೇಡ’ ಎಂದಲ್ಲ, ‘ನಮ್ಮ ಪುರಾವೆಯನ್ನು ನಾವೇ ಸಂಗ್ರಹಿಸಬೇಕು’ ಎಂದು. ಹಾಗೆ ಸಂಗ್ರಹಿಸಲು ಸಂಶೋಧನೆ ನಮ್ಮ ಹಳ್ಳಿಗೇ ಬರಬೇಕು. ಬರುವಾಗ ಬಾಗಿಲು ತಟ್ಟಿ ಬರಬೇಕು. ನೈತಿಕ ಪರಿಶೀಲನೆ ಎಂದರೆ ಆ ಬಾಗಿಲು ತಟ್ಟುವ ಸದ್ದು.

ಬಾಗಿಲು ತಟ್ಟದೆ ಒಳಗೆ ಬಂದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಈ ಉದಾಹರಣೆ ಪುನರ್ವಸತಿಯದಲ್ಲ, ಲಸಿಕೆಯದು. ಆದರೆ ಸಮ್ಮತಿಯ ಪ್ರಶ್ನೆ ಒಂದೇ ಆದ್ದರಿಂದ ಹೇಳುತ್ತೇನೆ. ಆಗ ಆಂಧ್ರಪ್ರದೇಶದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿರುವ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನವೊಂದು ನಡೆಯಿತು. ಲಸಿಕೆಯ ಮೇಲೆ ನನ್ನ ತಕರಾರಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯ ಪ್ರಕಾರ 9,543 ಸಮ್ಮತಿ ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟಿನ ಗುರುತಿತ್ತು. 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಹೆಣ್ಣುಮಕ್ಕಳ ಪರವಾಗಿ ತಂದೆತಾಯಿಯ ಬದಲು ಹಾಸ್ಟೆಲಿನವರು ಒಪ್ಪಿಗೆ ಕೊಟ್ಟುಬಿಟ್ಟರು! ಶಾಲೆಯಲ್ಲಿ ಕೆಲಸ ಮಾಡಿದ ನನಗೆ ಇದು ಹೇಗೆ ನಡೆಯುತ್ತದೆಂದು ಚೆನ್ನಾಗಿ ಗೊತ್ತು. ಮೇಲಿನಿಂದ ಕಾಗದ ಬರುತ್ತದೆ, ಕಾಗದದ ಕೆಳಗೆ ಗೆರೆ ಇರುತ್ತದೆ, ಗೆರೆಯ ಮೇಲೆ ಸಹಿ ಬೀಳುತ್ತದೆ. ಕಾಗದ ಓದುವವರಾರು?

ಕಾಗದದ ಮಾತು ಬಂತಲ್ಲ, ಸಮ್ಮತಿ ಪತ್ರದ ಕನ್ನಡವನ್ನು ಒಮ್ಮೆ ನೋಡಿ. ಸಾಮಾನ್ಯವಾಗಿ ಅದು ಹೀಗಿರುತ್ತದೆ: ‘ಸದರಿ ಅಧ್ಯಯನದ ಉದ್ದೇಶ, ಕಾರ್ಯವಿಧಾನ, ಸಂಭಾವ್ಯ ಅಪಾಯ ಹಾಗೂ ಪ್ರಯೋಜನಗಳ ಕುರಿತು ನನಗೆ ಸವಿವರವಾಗಿ ತಿಳಿಸಲಾಗಿದ್ದು, ನಾನು ಸ್ವಯಂಪ್ರೇರಿತನಾಗಿ ಸಮ್ಮತಿಸಿರುತ್ತೇನೆ.’ ವ್ಯಾಕರಣ ಸರಿಯಿದೆ, ಅರ್ಥ ಯಾರಿಗೂ ತಲುಪುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲೇ ಅತಿ ಕಡಿಮೆ. ಹೆಣ್ಣುಮಕ್ಕಳಲ್ಲಿ ಅದಕ್ಕಿಂತಲೂ ಕಡಿಮೆ. ತಾಂಡಾಗಳಲ್ಲಿ ಲಂಬಾಣಿ, ಗುರುಮಠಕಲ್ ಕಡೆಗೆ ತೆಲುಗು, ಪಟ್ಟಣಗಳ ಓಣಿಗಳಲ್ಲಿ ಉರ್ದು. ಇಂಥಲ್ಲಿ ಒಪ್ಪಿಗೆ ಕೇಳುವ ಮಾತು ಹೀಗಿರಬೇಕು: “ಇದು ಔಷಧಿ ಅಲ್ರಿ, ಪರೀಕ್ಷಾ. ಇದರಿಂದ ನಿಮಗ ಆರಾಮ ಆಗಬಹುದು, ಆಗದೇನೂ ಇರಬಹುದು. ನೀವು ಒಲ್ಲೆ ಅಂದ್ರ ಯಾರೂ ಸಿಟ್ಟಾಗಂಗಿಲ್ಲ, ಈಗ ಸಿಗೋ ಇಲಾಜು ನಿಲ್ಲಂಗಿಲ್ಲ. ನಡುವ ಬಿಟ್ಟು ಹೋಗತೀನಿ ಅಂದ್ರೂ ಹೋಗಬಹುದು.” ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕು. ಹೇಳದಿರುವುದಕ್ಕೆ ಕಾರಣ ಸಮಯದ ಅಭಾವವಲ್ಲ. ‘ಒಲ್ಲೆ’ ಎಂದುಬಿಟ್ಟಾರು ಎಂಬ ಭಯ.

ನಮ್ಮ ಕಡೆಯ ಹಳ್ಳಿಯೊಂದಕ್ಕೆ ಕೆಲವು ವರ್ಷಗಳ ಹಿಂದೆ ಒಂದು ತಂಡ ಬಂದಿತ್ತು. ಹೆಸರು ಬೇಡ. ವಿಕಲಚೇತನರನ್ನೆಲ್ಲ ಸಮುದಾಯ ಭವನದಲ್ಲಿ ಕೂಡಿಸಿ, ಕೈಕಾಲು ಅಳೆದು, ಫೋಟೊ ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಸೈಕಲ್ ಬರುತ್ತದೆ, ಪಿಂಚಣಿ ಹೆಚ್ಚಾಗುತ್ತದೆ ಎಂದು ಜನ ತಮಗೆ ತಾವೇ ತಿಳಿದುಕೊಂಡರು. ಅಲ್ಲವೆಂದು ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ. ತಂಡ ಮರಳಿ ಬರಲಿಲ್ಲ. ಅಳತೆ ಏನಾಯಿತು, ಅದರಿಂದ ಯಾವ ತಿಳಿವಳಿಕೆ ಹುಟ್ಟಿತು, ಇಂದಿಗೂ ಊರಿಗೆ ಗೊತ್ತಿಲ್ಲ. 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಸೇರಿದವು. ಹಿಂದುಳಿದ ಜಿಲ್ಲೆ ಎಂಬ ಹೆಸರು ಬಂದಲ್ಲಿ ಅಳೆಯಲು ಬರುವವರ ಸಂಖ್ಯೆ ಹೆಚ್ಚುತ್ತದೆ, ಅದು ಸಹಜ. ಈಗ ಯಾದಗಿರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ನಮ್ಮ ಮಕ್ಕಳಿಗೆ ಅದು ದೊಡ್ಡ ಭಾಗ್ಯ. ಕಾಲೇಜು ಬೆಳೆದಂತೆ ಸಂಶೋಧನೆಯೂ ಬೆಳೆಯುತ್ತದೆ. ಆದ್ದರಿಂದಲೇ ಈ ಮಾತನ್ನು ಈಗಲೇ ಆಡಬೇಕಾಗಿದೆ.

ಕಾನೂನು ಏನು ಹೇಳುತ್ತದೆ? ಬಹುಮಂದಿಗೆ, ಸಂಶೋಧಕರಲ್ಲೂ ಅನೇಕರಿಗೆ, ತಿಳಿಯದ ಒಂದು ಸಂಗತಿ ಇಲ್ಲಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 6ನೇ ಕಲಮಿನ 2ನೇ ಉಪಕಲಮು ಹೀಗೆನ್ನುತ್ತದೆ: ವಿಕಲಚೇತನ ವ್ಯಕ್ತಿಯನ್ನು ಯಾವುದೇ ಸಂಶೋಧನೆಗೆ ಒಳಪಡಿಸಬೇಕಾದರೆ, ಅವರಿಗೆ ಅರ್ಥವಾಗುವ ರೀತಿಯ ಸಂವಹನದ ಮೂಲಕ ಪಡೆದ ಮುಕ್ತ ಹಾಗೂ ತಿಳಿದುಕೊಟ್ಟ ಒಪ್ಪಿಗೆ ಬೇಕು, ಜೊತೆಗೆ ಸರ್ಕಾರ ರಚಿಸಿದ ವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ ಬೇಕು, ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಸ್ವತಃ ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಘಟನೆಗಳ ಸದಸ್ಯರಾಗಿರಬೇಕು. ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಒಡಂಬಡಿಕೆಯೂ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ವೈದ್ಯಕೀಯ ಪ್ರಯೋಗಕ್ಕೆ ಗುರಿಪಡಿಸಬಾರದೆನ್ನುತ್ತದೆ. 2011ರ ಗಣತಿಯಂತೆ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಇವರಲ್ಲಿ ಎಷ್ಟು ಜನರಿಗೆ ತಮಗೆ ಹೀಗೊಂದು ಹಕ್ಕಿದೆಯೆಂದು ಯಾರಾದರೂ ಹೇಳಿದ್ದಾರೆ?

‘ಸಮಿತಿ ಎಂದರೆ ವಿಳಂಬ’ ಎಂದು ದೂರುವವರ ಮಾತಿಗೂ ಬರೋಣ. ಪರಿಷತ್ತಿನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅಪಾಯ ತೀರ ಅಲ್ಪವಿದ್ದರೆ ವಿನಾಯಿತಿ, ಸ್ವಲ್ಪವಿದ್ದರೆ ಶೀಘ್ರ ಪರಿಶೀಲನೆ, ಹೆಚ್ಚಿದ್ದರೆ ಪೂರ್ಣ ಸಭೆ, ಹೀಗೆ ಮೂರು ದಾರಿಗಳನ್ನು ಅದು ಕೊಟ್ಟಿದೆ. ನನ್ನ ವಿದ್ಯಾರ್ಥಿಗೆ ಸಮಿತಿ ಕೇಳಿದ ಪ್ರಶ್ನೆಗಳಾದರೂ ಏನು? ಹಳ್ಳಿಯಲ್ಲಿ ರೋಗಿ ಬಿದ್ದು ಎಲುಬು ಮುರಿದರೆ ಖರ್ಚು ಯಾರದು? ಹೋಲಿಕೆಯ ಗುಂಪಿನವರಿಗೆ ಏನು ಸಿಗುತ್ತದೆ? ಆರು ತಿಂಗಳ ನಂತರ ನೋಡುತ್ತೇನೆಂದು ಬರೆದಿದ್ದೀಯ, ಅಷ್ಟರಲ್ಲಿ ಮನೆಯವರು ಗುಳೆ ಹೋದರೆ ಏನು ಮಾಡುತ್ತೀಯ? ಮೂವತ್ತೇ ಜನ ಏಕೆ? ಇವು ಅಡ್ಡಿಗಳಲ್ಲ, ಒಳ್ಳೆಯ ಮೇಷ್ಟ್ರು ಕೇಳಬೇಕಾದ ಪ್ರಶ್ನೆಗಳು. ಉತ್ತರ ಸಿಗದ ಅಧ್ಯಯನಕ್ಕೆ ಜನರನ್ನು ಕೂಡಿಸುವುದೇ ಒಂದು ಅನ್ಯಾಯ. ಮೂವತ್ತು ಜನರ ಎರಡು ತಿಂಗಳ ಸಮಯ ತೆಗೆದುಕೊಂಡು, ಕೊನೆಗೆ ‘ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ’ ಎಂಬ ಒಂದು ಸಾಲನ್ನು ಬರೆದು ಬೈಂಡು ಮಾಡಿಸಿ ಕಪಾಟಿನಲ್ಲಿಡುವುದಾದರೆ, ಆ ಮೂವತ್ತು ಜನ ತಮ್ಮ ದೇಹವನ್ನು ಕೊಟ್ಟದ್ದು ಯಾವುದಕ್ಕೆ?

ಹಾಗೆಂದು ಎಲ್ಲ ಸಮಿತಿಗಳೂ ಇಷ್ಟು ಎಚ್ಚರದವೆಂದು ನಾನು ಹೇಳಲಾರೆ. ಹೊಸ ಔಷಧಗಳ ಪರೀಕ್ಷೆಗೆ ಸಂಬಂಧಿಸಿದ 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನರಿರಬೇಕು. ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು, ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಈ ‘ಸಾಮಾನ್ಯ ವ್ಯಕ್ತಿ’ ಯಾರು ಎಂಬಲ್ಲಿಯೇ ಇಡೀ ವ್ಯವಸ್ಥೆಯ ಪ್ರಾಮಾಣಿಕತೆ ತೂಗುತ್ತದೆ. ಆಡಳಿತ ಮಂಡಳಿಯವರ ಪರಿಚಯದ ನಿವೃತ್ತ ಅಧಿಕಾರಿಯೊಬ್ಬರನ್ನು ಕೂಡಿಸಿ, ಚಹಾ ಕುಡಿಸಿ, ಸಹಿ ಪಡೆದು ಕಳುಹಿಸಿದರೆ ನಿಯಮ ಪಾಲನೆಯಾಯಿತು, ಉದ್ದೇಶ ಸತ್ತಿತು. ನನ್ನಂಥ ನಿವೃತ್ತ ಮೇಷ್ಟ್ರುಗಳನ್ನು ಕರೆದರೂ ಅಷ್ಟೇ. ನಮಗೆ ಭಾಷೆ ಗೊತ್ತು, ಆದರೆ ಎರಡು ಕಾಲೂ ನೆಟ್ಟಗಿರುವ ನಮಗೆ ಪ್ರಶ್ನೆ ಗೊತ್ತಿಲ್ಲ.

ಪ್ರಶ್ನೆ ಗೊತ್ತಿರುವವರು ನಮ್ಮ ನಡುವೆಯೇ ಇದ್ದಾರೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂದು ಕೆಲಸ ಮಾಡುವವರಿದ್ದಾರಲ್ಲ, ಅವರು ಸ್ವತಃ ವಿಕಲಚೇತನರು. ಅಲ್ಪ ಗೌರವಧನಕ್ಕೆ ಮನೆ ಮನೆ ತಿರುಗುತ್ತಾರೆ. ಯಾರ ಮನೆಯಲ್ಲಿ ಯಾವ ಮಗು ನಡೆಯಲಾರದು, ಯಾವ ಕ್ಯಾಲಿಪರ್ ಅಟ್ಟದ ಮೇಲೆ ತುಕ್ಕು ಹಿಡಿದಿದೆ, ಯಾವ ಶಿಬಿರ ಮರಳಿ ಬರಲಿಲ್ಲ ಎಂಬುದೆಲ್ಲ ಅವರ ಬಾಯಲ್ಲಿದೆ. ಸಮಿತಿಯ ‘ಸಾಮಾನ್ಯ ವ್ಯಕ್ತಿ’ಯ ಕುರ್ಚಿ ಇವರದಾಗಬೇಕು. ‘ಅವರಿಗೆ ಸಂಶೋಧನೆ ಏನು ಅರ್ಥವಾದೀತು’ ಎಂದು ಮೂಗು ಮುರಿಯುವವರಿಗೆ ನನ್ನ ಉತ್ತರ: ಅವರಿಗೆ ಅರ್ಥವಾಗುವಂತೆ ಹೇಳಲಾರದವನಿಗೆ ತನ್ನ ಸಂಶೋಧನೆ ಅರ್ಥವಾಗಿಲ್ಲ ಎಂದೇ ಲೆಕ್ಕ. ತರಗತಿಯಲ್ಲಿ ಇದು ನಾವು ದಿನವೂ ಕಾಣುವ ಸತ್ಯ.

ಉಳಿದ ಬೇಡಿಕೆಗಳನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಒಂದು, ಸಮ್ಮತಿ ಪತ್ರವನ್ನು ಊರಿನ ಆಡುಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರು ತಮ್ಮ ಮಾತಿನಲ್ಲಿ ಅದನ್ನು ಮರಳಿ ಹೇಳಿದ ಮೇಲಷ್ಟೇ ಹೆಬ್ಬೆಟ್ಟು. ಎರಡು, ಅಧ್ಯಯನ ಆರಂಭಿಸುವ ಮೊದಲೇ ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಬೇಕು. 2007ರಲ್ಲಿ ಆರಂಭವಾದ ಈ ದಾಖಲೆ 2018ರ ಏಪ್ರಿಲ್‌ನಿಂದ ಮುಂಚಿತ ನೋಂದಣಿಯನ್ನು ಮಾತ್ರ ಸ್ವೀಕರಿಸುತ್ತಿದೆ; ಫಲಿತಾಂಶ ಒಲಿಯಲಿಲ್ಲವೆಂದು ಅಧ್ಯಯನವನ್ನೇ ಮಾಯ ಮಾಡದಂತೆ ತಡೆಯಲು ಇದೇ ದಾರಿ. ಮೂರು, ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅದನ್ನು ಆ ಊರಿನ ಗ್ರಾಮಸಭೆಯಲ್ಲಿ ಬಂದು ಹೇಳಬೇಕು. ಶೇ. 47 ಮತ್ತು ಶೇ. 47 ಎಂದು ಲ್ಯಾನ್ಸೆಟ್ ಓದುಗರಿಗೆ ಹೇಳಬಹುದಾದರೆ ಅಬ್ಬೆತುಮಕೂರಿನ ಕಟ್ಟೆಯ ಮೇಲೆ ಹೇಳಲು ಏನು ಅಡ್ಡಿ? ನಾಲ್ಕು, ಚಿಕಿತ್ಸೆ ಕೊಡುವವರು, ಸಂಶೋಧಕರಲ್ಲದವರೂ, ರೋಗಿ ಕೇಳಿದಾಗ ಮೂರು ಮಾತಿಗೆ ಉತ್ತರಿಸಬೇಕು: ಇದು ಕೆಲಸ ಮಾಡುತ್ತದೆಂದು ಹೇಗೆ ಗೊತ್ತು, ಮಾಡದಿದ್ದರೆ ಯಾವಾಗ ನಿಲ್ಲಿಸುತ್ತೀರಿ, ಮಾಡದೇ ಇದ್ದರೆ ಏನಾಗುತ್ತದೆ.

ಕೊನೆಯದು ಸಂಶೋಧಕರಿಗಲ್ಲ, ನಮಗೇ ಸೇರಿದ್ದು. ಆ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು. ಡಾಕ್ಟರರ ಎದುರು ಕೈಕಟ್ಟಿ ನಿಲ್ಲುವುದು ವಿನಯವೆಂದು ನಮಗೆ ಕಲಿಸಲಾಗಿದೆ. ಪ್ರಶ್ನೆ ಕೇಳುವುದರಿಂದ ವಿನಯ ಕೆಡುವುದಿಲ್ಲ. ನನ್ನ ವಿದ್ಯಾರ್ಥಿಗೂ ಇದನ್ನೇ ಹೇಳಿದ್ದೇನೆ: ಸಮಿತಿಯ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಊರಿಗೆ ಬಾ, ಅವೇ ಪ್ರಶ್ನೆಗಳನ್ನು ಮೊದಲು ಇಲ್ಲಿಯ ಪುನರ್ವಸತಿ ಕಾರ್ಯಕರ್ತರ ಮುಂದೆ ಇಡು, ಅವರು ಒಪ್ಪಿದ ಮೇಲೆ ಕೈಕಾಲು ಆಡಿಸುವುದು ಇದ್ದೇ ಇದೆ. “ಆಗಲಿ ಸರ್” ಎಂದಿದ್ದಾನೆ. ಬರುತ್ತಾನೋ, ಹತ್ತಿರದ ಬೇರಾವುದೋ ಸುಲಭದ ಜಾಗ ಹುಡುಕುತ್ತಾನೋ, ನೋಡಬೇಕು.